ಕಂಡಿಕೆ ಹರವಿಯ ನೀರು

ಮೀನಿನ ಬಣ್ಣವನ್ನು ಮೊದಲು ಬರೆದುಬಿಡುತ್ತೇನೆ, ಏಕೆಂದರೆ ನನ್ನ ನೆನಪಿನ ಮೇಲಿನ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ಇಷ್ಟು ವರ್ಷ ಈ ಕಥೆ ಹೇಳುವಾಗಲೆಲ್ಲ ಬಂಗಾರದ ಬಣ್ಣದ ಮೀನು ಎಂದೇ ಹೇಳುತ್ತ ಬಂದೆ. ಅದು ಬಂಗಾರದ ಬಣ್ಣದ್ದಾಗಿರಲಿಲ್ಲ. ಕೇಸರಿ ಸೀರೆಯೊಂದನ್ನು ಹತ್ತು ವರ್ಷ ಒಗೆದ ಮೇಲೆ ಉಳಿಯುವ ಬಣ್ಣ ಇರುತ್ತದಲ್ಲ, ಅದು. ಹೊಟ್ಟೆಯ ಹತ್ತಿರ ಅದೂ ಇಲ್ಲದೆ ಬರೀ ಬೆಳ್ಳಗೆ. ಬಾಲದಲ್ಲಿ ಅರ್ಧ ಹೋಗಿತ್ತು. ಉಳಿದರ್ಧ ಅಂಚು ಬಿಚ್ಚಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿ ನೀರಿನಲ್ಲಿ ಜೋತಾಡುತ್ತಿತ್ತು. ಉದ್ದ ನನ್ನ ಅಂಗೈಯಷ್ಟೇ. ಅಂಥದೊಂದು ಪ್ರಾಣಿಯ ಮೇಲೆ ಹನ್ನೊಂದು ವರ್ಷದ ಹುಡುಗಿಗೆ ಹೊಟ್ಟೆಕಿಚ್ಚು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆ ನಾಚಿಕೆ ಸ್ವಲ್ಪ ಕಡಿಮೆಯಾಗಲೆಂದೇ ನಾನು ಅದಕ್ಕೆ ಬಂಗಾರ ಬಳಿದಿರಬೇಕು.

ಬೆಟಗೇರಿಯ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ನಡುವೆ ಮಗ್ಗದ ಕೋಣೆ, ಹಿಂದೆ ಅಡುಗೆಮನೆ. ಯಾರು ಎಲ್ಲಿಗೆ ಹೋಗಬೇಕಾದರೂ ಅಪ್ಪನ ಬೆನ್ನ ಹಿಂದಿನಿಂದಲೇ ಹಾಯ್ದು ಹೋಗಬೇಕು. ಅಪ್ಪನದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕಷ್ಟೇ ಮೇಲೇಳುತ್ತಿದ್ದ. ಆ ಕುಣಿಯ ಬಲಮಗ್ಗುಲಿಗೆ, ಕಿಟಕಿಯ ಕೆಳಗೆ, ನನ್ನ ಜಾಗ. ಶಾಲೆಗೆ ಹೋಗುವ ಮೊದಲು ಎರಡು ತಾಸು, ಬಂದ ಮೇಲೆ ಮೂರು ತಾಸು ನಾನು ಅಲ್ಲಿ ಕೂತು ರಾಟಿ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ಬೆರಳುದ್ದದ ನೂಲಿನ ಕೊಳವೆ. ಸುತ್ತಿದ್ದನ್ನು ಪಕ್ಕದ ಮಣ್ಣಿನ ಹರವಿಯಲ್ಲಿ ನೆನೆಹಾಕುವುದು, ನೆನೆದದ್ದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿನ ಬುಟ್ಟಿಯಲ್ಲಿ ಇಡುವುದು. ಹರವಿ ನನ್ನದು, ಬುಟ್ಟಿ ನನ್ನದು, ಕಟ್ಟೆ ನನ್ನದು. ಒಂದು ಕಂಡಿಕೆ ಮುಗಿದಾಗ ಅಪ್ಪ ಮುಖ ತಿರುಗಿಸದೆ ಬಲಗೈ ಚಾಚುತ್ತಿದ್ದ. ಕೈಗೆ ಇನ್ನೊಂದು ಸಿಗಬೇಕು. ಸಿಗುತ್ತಿತ್ತು. ಅವನು ನನ್ನನ್ನು ನೋಡಬೇಕಾಗಿಯೇ ಇರಲಿಲ್ಲ. ಅದನ್ನು ನಾನು ಬಹಳ ದೊಡ್ಡ ಮಾತೆಂದು ತಿಳಿದಿದ್ದೆ. ಅವ್ವನನ್ನು ನೋಡುತ್ತಿದ್ದ, ಆರು ವರ್ಷದ ನನ್ನ ತಂಗಿ ಶಾಂತಾಳನ್ನು ನೋಡುತ್ತಿದ್ದ, ಬೀದಿಯಲ್ಲಿ ಹೋಗುವ ಎಮ್ಮೆಯನ್ನೂ ನೋಡುತ್ತಿದ್ದ. ನೋಡದೆ ನಂಬಿದ್ದು ನನ್ನೊಬ್ಬಳನ್ನೇ. ಅವನು ಮಾತಿನವನಲ್ಲ. ಒಮ್ಮೆ ನನಗೆ ಮೂರು ದಿನ ಜ್ವರ ಬಂದಾಗ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದ್ದ: “ಏನಂತೈತಿ ಅದು?” ನನ್ನ ಹಾಸಿಗೆಯವರೆಗಿನ ಆ ನಾಲ್ಕು ಹೆಜ್ಜೆ ಒಳಗೆ ಬಂದಿರಲಿಲ್ಲ. ಬಂದಿದ್ದನೇನೋ, ನಾನು ನಿದ್ದೆಯಲ್ಲಿದ್ದೆನೇನೋ. ಆದರೆ ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ.

ಮೀನು ಬಂದದ್ದು ನೇಯ್ದ ಸೀರೆಗಳನ್ನು ಗದಗಿನ ಸಾವಕಾರರಿಗೆ ಮುಟ್ಟಿಸಿ ಅಪ್ಪ ತಿರುಗಿ ಬಂದ ಒಂದು ಮಧ್ಯಾಹ್ನ. ಸೈಕಲ್ಲಿನ ಕ್ಯಾರಿಯರ್ ಮೇಲೆ ಹಳೆಯ ಬಟ್ಟೆ ಸುತ್ತಿದ ಗಾಜಿನ ಪೆಟ್ಟಿಗೆ, ಹ್ಯಾಂಡಲಿಗೆ ತೂಗುಹಾಕಿದ ಸ್ಟೀಲಿನ ಡಬ್ಬಿ. ಸಾವಕಾರರು ಅಂಗಡಿಗೆ ದೊಡ್ಡ ಪೆಟ್ಟಿಗೆ ತರಿಸಿದ್ದರಂತೆ. ಹಳೆಯದನ್ನೂ, ಉಳಿದ ಮೀನುಗಳು ಕಚ್ಚಿ ಹರಿದ ಈ ಒಂದನ್ನೂ ಬೇಕಾದವರಿಗೆ ಕೊಡುತ್ತೇನೆ ಎಂದಿದ್ದರಂತೆ. ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿ ಹಾಗೆಯೇ ಮುಚ್ಚಿದಳು.

“ಏನ್ರಿ ಇದು?”

“ಮೀನ.”

“ಮೀನಂತ ನನಗೂ ಕಾಣಸ್ತೈತಿ. ನಮ್ಮ ಮನ್ಯಾಗ ಯಾಕಂತ ಕೇಳಾಕತ್ತೇನಿ. ತತ್ತಿ ಸೈತ ಒಳಗ ಬಿಡದಾಕಿ ನಾ.”

“ತಿನ್ನಾಕ ತಂದಿಲ್ಲ. ಗಟಾರಕ್ಕ ಒಗ್ಯಾಕ ನಿಂತಿದ್ರು. ಇನ್ನಾ ಜೀವ ಐತಿ ಅದರಾಗ.”

“ಜೀವ ನಮ್ಮೊಳಗೂ ಐತ್ರಿ. ಅದನ್ನೂ ಒಂದ ಸಲ ನೋಡ್ರಿ,” ಎಂದು ಅವ್ವ ಅಡುಗೆಮನೆಗೆ ಹೋದಳು.

ಅಪ್ಪ ಪೆಟ್ಟಿಗೆಗೆ ಜಾಗ ಹುಡುಕಿ ಮೂರೂ ಕೋಣೆ ಸುತ್ತಿದ. ಕೊನೆಗೆ ಕಿಟಕಿಯ ಕಟ್ಟೆಯ ಮೇಲಿನ ನನ್ನ ಬುಟ್ಟಿಯನ್ನು ಎತ್ತಿ ನೆಲದ ಮೇಲಿಟ್ಟ.

“ಅದು ನನ್ನ ಜಾಗಾ ಅಪ್ಪಾ.”

“ಬುಟ್ಟಿಗೆ ಬೆಳಕ ಬೇಕಾಗಂಗಿಲ್ಲ ಲೇ. ಇದಕ್ಕ ಬೇಕು.”

ಆ ಸಂಜೆ ಬೆಳಕು ಇಳಿಯುವ ಮೊದಲೇ ಅಪ್ಪ ಮಗ್ಗ ನಿಲ್ಲಿಸಿದ. ಅದೇ ನನಗೆ ಸುದ್ದಿ. ಮಗ್ಗ ಹಾಗೆಲ್ಲ ನಿಲ್ಲುತ್ತಿರಲಿಲ್ಲ. ಅವ್ವನಿಂದ ಹರಳುಪ್ಪು ಕೇಳಿ ಪಡೆದು ಬೋಗುಣಿಯ ನೀರಿನಲ್ಲಿ ಕರಗಿಸಿದ. ತಣ್ಣೀರಿನಲ್ಲಿ ಎರಡೂ ಕೈ ಅದ್ದಿ, ಮೆತ್ತನೆಯ ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ, ಅದರ ಮೇಲೆ ಮೀನನ್ನು ಮಲಗಿಸಿ ಕಣ್ಣಿನ ಮೇಲೆ ಬಟ್ಟೆಯ ಮಡಿಕೆ ಎಳೆದ. ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ಬಾಲದ ಕೊಳೆತ ಎಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದ. ಮಗ್ಗದ ಮೇಲೆ ಹರಿದ ಹಾಸಿನ ಎಳೆಗಳನ್ನು ಸರಿಮಾಡುವಾಗ ಅವನ ಉಸಿರು ಹೇಗೆ ಸಣ್ಣದಾಗುತ್ತಿತ್ತೋ ಹಾಗೆಯೇ ಆಗಿತ್ತು. ಆದರೆ ಹಾಸಿನ ಜೊತೆ ಅವನು ಮಾತನಾಡುತ್ತಿರಲಿಲ್ಲ.

“ಆತಾತು. ಇದೊಂದ ಎಳಿ. ಇದೊಂದು. ನೋವಾತೇನು? ಆತು, ಮುಗೀತು.”

ನೋವಾತೇನು. ನನ್ನ ಹೆಬ್ಬೆರಳಿಗೆ ರಾಟಿಯ ಕದಿರು ಚುಚ್ಚಿ ರಕ್ತ ಬಂದಾಗ ಅವನು ಹೇಳಿದ್ದು, ಬಟ್ಟಿ ಸುತ್ತಕೋ, ನೂಲಿಗೆ ಕಲಿ ಬಿದ್ದೀತು ಎಂದು. ನಾನು ಅದನ್ನು ಆಗ ತಪ್ಪು ತಿಳಿದಿರಲಿಲ್ಲ. ನೂಲು ಇಬ್ಬರದೂ ಅಲ್ಲವೇ ಎಂದುಕೊಂಡಿದ್ದೆ. ಈಗ ಆ ಮಾತು ತಿರುಗಿ ಬಂದು ಚುಚ್ಚಿತು. ಬಟ್ಟೆ ಹಿಡಿಯಲು ಯಾರಾದರೂ ಬೇಕಿತ್ತು. ನಾನು ಕೈ ಮುಂದೆ ಮಾಡಿದೆ.

“ನೀ ಬ್ಯಾಡ. ನಿನ್ನ ಕೈ ಬಿರಸ ಅದಾವು, ಅದರ ತೊಗಲ ತರಚ್ತೈತಿ. ಶಾಂತವ್ವಾ, ನೀ ಬಾರವ್ವಾ.”

ಶಾಂತಾಳ ಅಂಗೈ ನಾದಿದ ಹಿಟ್ಟಿನ ಹಾಗಿತ್ತು, ನಿಜ. ಅವಳು ಮೀನನ್ನು ಹಿಡಿದಳು, ಅಪ್ಪ ಅರಿಷಿಣದ ಗಂಧವನ್ನು ಹತ್ತಿಯ ತುದಿಯಿಂದ ಬಾಲದ ಬುಡಕ್ಕೆ ಹಚ್ಚಿದ. ನಾನು ನನ್ನ ಬೆರಳು ನೋಡಿಕೊಂಡೆ. ತೋರುಬೆರಳಿನ ಒಳಮೈಯಲ್ಲಿ ನೂಲು ಓಡಿ ಓಡಿ ಒಂದು ಗೀರು ಬಿದ್ದಿತ್ತು, ಗಟ್ಟಿಯಾಗಿ, ಹಳದಿಯಾಗಿ. ಆ ಗೀರನ್ನು ಮಾಡಿದ್ದು ಅಪ್ಪನ ಸೀರೆಗಳು. ಈ ವಾಕ್ಯವನ್ನು ಆಗ ನಾನು ಯೋಚಿಸಿರಲಾರೆ, ಈಗ ಸೇರಿಸುತ್ತಿದ್ದೇನೆ. ಆದರೆ ಗೀರು ಇತ್ತು, ಈಗಲೂ ಇದೆ.

ಪಕ್ಕದ ಮನೆಯ ಗಂಗವ್ವ ಕಿಟಕಿಯಿಂದ ಇಣುಕಿ ಎಲ್ಲವನ್ನೂ ನೋಡಿದಳು. ಹೊರಗಿನಿಂದಲೇ ಕೂಗಿದಳು: “ಅಣ್ಣಾರ, ಉಪ್ಪು ಆತು, ಅರಿಷಿಣ ಆತು. ಖಾರಾ ಯಾವಾಗ ಹಚ್ಚತೀರಿ?” ಅವ್ವ ಒಳಗೇ ನಕ್ಕದ್ದು ಕೇಳಿಸಿತು. ಅಪ್ಪನೂ ನಕ್ಕ. ನಾನು ನಗಲಿಲ್ಲ. ಗಂಗವ್ವನ ಮಾತು ನಿಜವಾಗಲಿ ಎಂದು ಒಂದು ಗಳಿಗೆ ಮನಸ್ಸು ಬಯಸಿತು.

ಮರುದಿನ ಔಷಧ ತರಲು ಗದಗಿಗೆ ನನ್ನನ್ನೇ ಕಳಿಸಿದರು. ನೂಲು ತರಲು ಹೋಗಿ ಬಂದು ನನಗೆ ದಾರಿ ರೂಢಿಯಾಗಿತ್ತು. ಬಜಾರಿನ ಹಿಂದೆ ಗಿಳಿ, ಪಾರಿವಾಳ, ಮೀನು ಮಾರುವ ಒಂದು ಸಣ್ಣ ಅಂಗಡಿ. ಅಂಗಡಿಯಾತ ಮುದುಕ, ನಾನು ಹೇಳಿದ್ದನ್ನೆಲ್ಲ ವೈದ್ಯರ ಹಾಗೆ ಕಣ್ಣು ಮುಚ್ಚಿ ಕೇಳಿಸಿಕೊಂಡು ನೀಲಿ ಔಷಧದ ಸೀಸೆ ಕೊಟ್ಟ.

“ದಿನಾ ನಾಕ ಹನಿ ತಂಗಿ. ಉಪ್ಪಿನ ನೀರು ಹತ್ತ ನಿಮಿಷದ ಮ್ಯಾಲೆ ಬ್ಯಾಡ. ಮತ್ತ ಇನ್ನೊಂದು, ಇದನ್ನ ಮರೀಬ್ಯಾಡ. ನಿಮ್ಮ ಕಡೆ ನಳಾ ಬಂದ ದಿನ ಹೊಸಾ ನೀರು ಹಾಕೀರಿ, ಅದರಾಗ ಬ್ಲೀಚಿಂಗ ಪೌಡರ ಹಾಕಿರ್ತಾರ, ಮೀನಿನ ಉಸಿರ ಕಟ್ಟತೈತಿ. ಎರಡ ಮೂರ ದಿನದ ಹಳೇ ನೀರಽ ಆಗಬೇಕು. ಹೇಳ್ತಿಯಿಲ್ಲೋ ಮನ್ಯಾಗ?”

“ಹೇಳ್ತೇನ್ರಿ.”

ಹೇಳಲಿಲ್ಲ. ಸೀಸೆ ಕೊಟ್ಟೆ, ನಾಲ್ಕು ಹನಿ ಎಂದೆ, ಹತ್ತು ನಿಮಿಷ ಎಂದೆ. ಮೂರನೆಯದನ್ನು ಬಾಯಲ್ಲಿ ಇಟ್ಟುಕೊಂಡೆ. ಆಗ ಅದು ಅಪರಾಧವೆಂದು ಅನ್ನಿಸಲೇ ಇಲ್ಲ, ಏಕೆಂದರೆ ಮನೆಯಲ್ಲಿದ್ದದ್ದೆಲ್ಲ ಹಳೆಯ ನೀರೇ. ಬೆಟಗೇರಿಯಲ್ಲಿ ನಳಕ್ಕೆ ನೀರು ಬರುತ್ತಿದ್ದದ್ದು ಎಂಟು ಹತ್ತು ದಿನಕ್ಕೊಮ್ಮೆ. ಹಿಂದಿನ ಸಲದ ನೀರು ಕೊಡ, ಹಂಡೆ, ಡ್ರಮ್ಮುಗಳಲ್ಲಿ ಕೂತಿತ್ತು, ಮೀನು ಅದರಲ್ಲೇ ಆರಾಮಾಗಿತ್ತು. ಹೇಳುವ ಸಂದರ್ಭ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಅಪ್ಪನಿಗೆ ಗೊತ್ತಿಲ್ಲದ್ದೊಂದು ನನ್ನ ಹತ್ತಿರ ಇದೆ ಎಂಬುದೇ ಸುಖವಾಗಿತ್ತು. ರಾತ್ರಿಯ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತ ಶಾಂತಾಳನ್ನು ಕೇಳುತ್ತಿದ್ದ: “ಇವತ್ತ ಎಷ್ಟ ಸಲಾ ಮ್ಯಾಲೆ ಬಂತವ್ವಾ? ಬಾಲ ಅಲಗಾಡಿಸ್ತೇನು?” ಶಾಂತಾ ಪುಂಡಿಪಲ್ಯದ ಬಾಯಲ್ಲೇ ಉತ್ತರ ಹೇಳುತ್ತಿದ್ದಳು, ಅರ್ಧ ಸುಳ್ಳು. ಅಪ್ಪ ನಂಬುತ್ತಿದ್ದ. ನಾನು ತಟ್ಟೆಯ ಚಟ್ನಿಹಿಂಡಿಯನ್ನು ಬೆರಳಲ್ಲಿ ಅಳಿಸುತ್ತ ಮನಸ್ಸಿನಲ್ಲೇ ಅನ್ನುತ್ತಿದ್ದೆ, ನಿನ್ನ ಮೀನಿಗೆ ಏನು ಬೇಕೆಂದು ನಿನ್ನ ಶಾಂತವ್ವನಿಗೆ ಗೊತ್ತಿಲ್ಲ.

ಏಳನೆಯ ದಿನವೋ ಎಂಟನೆಯ ದಿನವೋ ಮಧ್ಯಾಹ್ನ ಓಣಿಯಲ್ಲಿ ಕೂಗಾಯಿತು: “ನಳಾ ಬಂದಾವು!” ನಮ್ಮಲ್ಲಿ ಒಂದು ಪದ್ಧತಿಯಿತ್ತು. ಇದನ್ನು ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ನೀರಿಗಾಗಿ ಹತ್ತು ದಿನ ಬಾಯಿ ಬಿಡುವ ನಾವು, ನಳ ಬಂದ ಗಳಿಗೆಗೆ ಉಳಿದ ನೀರನ್ನೆಲ್ಲ ಚೆಲ್ಲುತ್ತಿದ್ದೆವು. ಹೊಸದು ಬಂದ ಮೇಲೆ ಹಳೆಯದು ತಂಗಳು. ಅವ್ವ ಕೊಡ, ಹಂಡೆಗಳನ್ನು ಅಂಗಳಕ್ಕೆ ಬೋರಲು ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಳೆಯುವ ಪಾತ್ರೆಗೆ ಹೊಸ ನೀರು ಹಿಡಿಯುತ್ತಿದ್ದಳು. ಮೊದಲನೆಯ ಕೊಡ ದೇವರಿಗೆ. ಅದನ್ನು ಹಿಡಿದು ತರುವುದು ಹಿರಿಮಗಳಾದ ನನ್ನ ಹಕ್ಕು. ನಾನು ಕೊಡ ಎತ್ತಿಕೊಂಡಿದ್ದೆ. ಅಪ್ಪ ಕುಣಿಯಿಂದ ಮೇಲೆದ್ದ.

“ಮೊದಲನೇ ಕೊಡಾ ಮೀನಿಗೆ. ಶಾಂತವ್ವ ಹಿಡೀಲಿ.”

“ಮತ್ತ ದೇವ್ರಿಗೆ?” ಅವ್ವ ಕೇಳಿದಳು.

“ಎರಡನೇದು. ದೇವ್ರಿಗೇನ ಬಾಲ ಹರದಿಲ್ಲ.”

ಅವನಿಗೆ ಅದು ಪ್ರೀತಿಯ ಮಾತು. ನಮ್ಮ ಮನೆಯಲ್ಲಿ ಯಾರಿಗಾದರೂ ಕೊಡಬಹುದಾದ ಅತಿ ದೊಡ್ಡದು ಹೊಸ ನೀರಿನ ಮೊದಲ ಕೊಡವೇ. ಪೆಟ್ಟಿಗೆಯ ಹಳೆಯ ನೀರನ್ನು ಅವನೇ ಹೊತ್ತು ಗಟಾರಕ್ಕೆ ಸುರಿದ. ಮೀನು ಬೋಗುಣಿಯಲ್ಲಿ ಕಾಯುತ್ತಿತ್ತು. ಶಾಂತಾ ಅರ್ಧ ತುಂಬಿದ ಕೊಡವನ್ನು ಎಳೆಯುತ್ತ ತಂದಳು, ಅಪ್ಪ ಕೈಹಚ್ಚಿದ. ಪೌಡರಿನ ವಾಸನೆ ನನಗೆ ಬಾಗಿಲವರೆಗೆ ಬಂತು. ಗಾಜು ಹೊಳೆಯಿತು. ಮೀನನ್ನು ಬಿಟ್ಟರು, ಬೋಗುಣಿಯ ಹಳೆಯ ನೀರನ್ನೂ ಚೆಲ್ಲಿದರು.

ಎಷ್ಟು ಹೊತ್ತು ನಾನು ಸುಮ್ಮನಿದ್ದೆ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರಿಗೆ “ತಟ್ಟನೆ ಕೂಗಿದೆ” ಎಂದು ಹೇಳಿದ್ದೇನೆ. ಈ ಪುಟದಲ್ಲೂ ಮೊದಲು ಹಾಗೆಯೇ ಬರೆದು ಹೊಡೆದುಹಾಕಿದೆ. ನಿಜವಾಗಿ, ನಾನು ಕೂಗುವಷ್ಟರಲ್ಲಿ ಅವ್ವ ಮೂರು ಕೊಡ ನೀರು ಹೊತ್ತು ನನ್ನ ಪಕ್ಕದಿಂದ ಹಾಯ್ದು ಹೋದಳು. ಒಂದನೆಯ ಕೊಡಕ್ಕೆ ಮೀನು ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಹುಚ್ಚು ಹಿಡಿದಂತೆ ಓಡುತ್ತಿತ್ತು. ಅಪ್ಪ ಖುಷಿಯಾಗಿ, “ನೋಡ್ರಿ ಹೆಂಗ ಆಡಾಕತ್ತೈತಿ,” ಎಂದ. ಎರಡನೆಯ ಕೊಡಕ್ಕೆ ಅದು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಮೂರನೆಯದಕ್ಕೆ ಒಂದು ಮಗ್ಗುಲಿಗೆ ವಾಲಿತ್ತು, ಕಿವಿರು ರಕ್ತದ ಬಣ್ಣಕ್ಕೆ ತಿರುಗಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದೆ. ಸಾಯಲಿ ಎಂದುಕೊಂಡೆನೇ? ಹಾಗೆಂದುಕೊಂಡಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಸಾಯುವುದು ನನ್ನ ಯೋಚನೆಯಲ್ಲಿ ಇರಲಿಲ್ಲ. ಅಪ್ಪ ಸೋಲಬೇಕು, ತಿರುಗಿ ನನ್ನ ಕಡೆ ಕೈ ಚಾಚಬೇಕು, ಅಷ್ಟೇ ಇತ್ತು.

ಅಪ್ಪ ಕೈ ಚಾಚಿದ. ನನ್ನ ಕಡೆಗಲ್ಲ. ಶಾಂತಾ ಬಿಕ್ಕಿ ಅಳತೊಡಗಿದ್ದಳು, ನಾನು ಕೊಂದೆ, ನಾನು ಕೊಂದೆ ಎಂದು. ಅಪ್ಪ ಕೆಳಗೆ ಕೂತು ಅವಳನ್ನು ತೊಡೆಯ ಮೇಲೆ ಎಳೆದುಕೊಂಡ. ಅವಳ ಮುಖವನ್ನು ತನ್ನ ಬನಿಯನ್ನಿಗೆ ಒತ್ತಿಕೊಂಡು, “ನಿಂದೇನ ತಪ್ಪಿಲ್ಲವ್ವಾ, ನಿಂದೇನ ತಪ್ಪಿಲ್ಲ,” ಎನ್ನುತ್ತಿದ್ದ. ಆಗ ನಾನು ಬಾಯಿ ಬಿಟ್ಟೆ. ಮೀನಿನ ಮೇಲಿನ ಕರುಣೆಯಿಂದ ಅಲ್ಲ. ಆ ತೊಡೆಯನ್ನು ನೋಡಲಾಗದೆ.

“ಹೊಸಾ ನೀರು ಅದಕ್ಕ ಆಗಂಗಿಲ್ಲ ಅಪ್ಪಾ! ಹಳೇ ನೀರಿಗೆ ಹಾಕು, ಜಲ್ದಿ!”

“ಹಳೇ ನೀರೆಲ್ಲೈತಿ? ಎಲ್ಲಾ ಚೆಲ್ಲೇವಲ್ಲ!”

ಎಲ್ಲ ಚೆಲ್ಲಿರಲಿಲ್ಲ. ಮನೆಯಲ್ಲಿ ಅವ್ವ ಎಂದೂ ಮುಟ್ಟದ ಒಂದು ಪಾತ್ರೆಯಿತ್ತು. ನಾನು ನನ್ನ ಹರವಿಯಿಂದ ಕಂಡಿಕೆಗಳನ್ನು ಬಾಚಿ ನೆಲಕ್ಕೆ ಹಾಕಿದೆ. ಒಂದು ವಾರದ ಕೆಲಸ ಒದ್ದೆ ನೆಲದ ಮೇಲೆ ಉರುಳಿ ಕುಣಿಯೊಳಗೆ ಬಿತ್ತು. ಆ ವಾರ ಬರೀ ಬಿಳಿ ನೂಲು, ನೀರಿಗೆ ಬಣ್ಣ ಬಿಟ್ಟಿರಲಿಲ್ಲ. ಅಪ್ಪ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹರವಿಗೆ ಬಿಟ್ಟ. ಅದು ಹೊಟ್ಟೆ ಮೇಲೆ ಮಾಡಿ ತೇಲಿತು. ಅಪ್ಪ ಅದನ್ನು ಬೆರಳಿನಿಂದ ನೆಟ್ಟಗೆ ಮಾಡಿ ಹಿಂದೆ ಮುಂದೆ, ಹಿಂದೆ ಮುಂದೆ ನೀರಲ್ಲಿ ಆಡಿಸುತ್ತ ಕೂತ. ಹರವಿಯ ಬಾಯಿ ಸಣ್ಣದು. ನಮ್ಮ ನಾಲ್ವರ ತಲೆಗಳೂ ಒಂದಕ್ಕೊಂದು ತಾಗುತ್ತಿದ್ದವು. ಹೊರಗೆ ನಳ ಸುರಿದು ಹೋಗುತ್ತಿತ್ತು, ಅವ್ವ ಅದನ್ನೂ ಮರೆತಿದ್ದಳು. ಬಹಳ ಹೊತ್ತಿನ ಮೇಲೆ ಅಪ್ಪ ಬೆರಳು ತೆಗೆದ. ಮೀನು ವಾಲಿತು, ಮತ್ತೆ ತಾನೇ ನೆಟ್ಟಗಾಯಿತು.

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಪೂರ್ತಿ, ಮುಖಕ್ಕೆ ಮುಖ ಕೊಟ್ಟು.

“ನಿನಗ ಹೆಂಗ ತಿಳೀತು?”

ಈ ಪ್ರಶ್ನೆ ಬಂದೇ ಬರುತ್ತದೆಂದು ಮೂರು ಕೊಡಗಳಷ್ಟು ಹೊತ್ತಿನಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಂಗಡಿಯ ಮುದುಕ ಹೇಳಿದ್ದ ಎಂದರೆ, ಯಾವಾಗ ಎಂದು ಕೇಳುತ್ತಿದ್ದ.

“ವಾಸನಿ ಬರಾಕತ್ತಿತ್ತು. ನಾನಽ ವಿಚಾರ ಮಾಡಿದೆ,” ಎಂದೆ.

ಅಪ್ಪ ತನ್ನ ಒದ್ದೆ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟ. ಅರಿಷಿಣ, ಮೀನು, ಗಂಜಿ ಹಾಕಿದ ನೂಲು, ಮೂರೂ ವಾಸನೆ. ನೀರು ಹಣೆಗೆ ಇಳಿದು ಮೂಗಿನ ತುದಿಗೆ ಬಂತು. “ನಮ್ಮ ಕಮಲವ್ವ ಶ್ಯಾಣ್ಯಾಳ,” ಎಂದ ಅವ್ವನಿಗೆ. ಅಲ್ಲಿಯವರೆಗೆ ನಾನು ಕಮಲಿ, ಅಥವಾ ಬರೀ ಲೇ. ಆ ಸಂಜೆ ಗಂಗವ್ವನಿಗೂ ಹೇಳಿದ, ಮರುದಿನ ಸಾವಕಾರರಿಗೂ ಹೇಳಿ ಬಂದ. ಎರಡು ದಿನ ನಾನು ತಲೆ ಎರೆದುಕೊಳ್ಳಲಿಲ್ಲ.

ಮೂರನೆಯ ದಿನ ಅಪ್ಪ ಬಹುಮಾನ ಕೊಟ್ಟ.

“ಇನ್ನ ಮ್ಯಾಲೆ ಮೀನ ಕಮಲವ್ವಂದು. ಔಷಧ, ನೀರು, ಎಲ್ಲಾ ಆಕಿನಽ ನೋಡ್ಲಿ. ಅದಕ್ಕೇನ ಬೇಕಂತ ಆಕಿಗೇ ತಿಳೀತೈತಿ. ಕಂಡಿಕಿ ಶಾಂತವ್ವ ಸುತ್ತಲಿ, ಆಕಿನೂ ದೊಡ್ಡಾಕಿ ಆಗಾಕತ್ತಾಳ.”

ಬ್ಯಾಡ ಎನ್ನಲು ಒಂದೇ ದಾರಿಯಿತ್ತು, ನಿಜ ಹೇಳುವುದು. ಅದನ್ನು ನಾನು ಹರವಿಯ ಹತ್ತಿರವೇ ಮುಚ್ಚಿಬಿಟ್ಟಿದ್ದೆ. ಗಾಜಿನ ಪೆಟ್ಟಿಗೆ ಪಡಸಾಲೆಗೆ ಬಂತು, ಅದರ ಜೊತೆ ನಾನೂ ಬಂದೆ.

ಇದನ್ನು ಬರೆಯುವ ಮೊದಲು, ಮದುವೆಯಾಗಿ ಲಕ್ಷ್ಮೇಶ್ವರದಲ್ಲಿರುವ ಶಾಂತಾಳಿಗೆ ಫೋನ್ ಮಾಡಿದೆ. ಬಣ್ಣ ಕೇಳಬೇಕಿತ್ತು. ನಿಜವಾಗಿ ಕೇಳಬೇಕಾದದ್ದು ಬೇರೆ. ಬಣ್ಣದಿಂದ ಶುರು ಮಾಡೋಣ ಎಂದುಕೊಂಡಿದ್ದೆ.

“ಯಾವ ಮೀನ ಅಕ್ಕಾ?”

“ಕಿಡಕ್ಯಾಗ ಇತ್ತಲ್ಲ. ಬಾಲ ಹರದಿತ್ತು. ನೀ ಹಿಡೀತಿದ್ದಿ, ಅಪ್ಪ ಅರಿಷಿಣ ಹಚ್ಚತಿದ್ದ. ಸಾಯಾಕ ಬಂದಾಗ ನೀ ಅತ್ತಿ. ಅಪ್ಪ ನಿನ್ನ ತೊಡಿ ಮ್ಯಾಲೆ ಕುಂಡ್ರಿಸಿಕೊಂಡಾ.”

“ಹೌದೇನ? ಇದ್ದೀತ ಬಿಡು. ನನಗ ಖರೇನ ನೆನಪಿಲ್ಲ.” ಆಮೇಲೆ ನಕ್ಕಳು. “ನನಗ ನೆನಪಿರೋದು ಒಂದಽ ನೋಡು. ಅಪ್ಪನ ಬಾಜೂಕ ಕುಂತು ಕಂಡಿಕಿ ಸುತ್ತೋದು. ನಾ ಒಬ್ಬಾಕಿನಽ ಕುಂಡ್ರತಿದ್ದೆ ಅಲ್ಲಿ.”

ಒಬ್ಬಾಕಿನಽ. ನಾನು ತಿದ್ದಲಿಲ್ಲ. ಐದು ವರ್ಷ ನಾನು ಕೂತ ಜಾಗ ಅವಳ ನೆನಪಿನಲ್ಲಿ ಖಾಲಿಯಿತ್ತು. ನಾನು ಐವತ್ತು ವರ್ಷ ಉರಿದುಕೊಂಡ ತೊಡೆಯಂತೂ ಅವಳ ಹತ್ತಿರ ಇರಲೇ ಇಲ್ಲ. ಯಾರ ನೆನಪು ಸರಿ ಎಂದು ಜಗಳವಾಡಲು ಅಪ್ಪನೂ ಇಲ್ಲ, ಮಗ್ಗವೂ ಇಲ್ಲ.

ಮೀನು ಬದುಕಿತು. ಬಾಲ ಬೆಳೆಯಿತು, ಹೊಸದಾಗಿ ಬಂದ ಭಾಗಕ್ಕೆ ಬಣ್ಣವೇ ಇರಲಿಲ್ಲ, ಗಾಜಿನ ಹಾಗೆ ಆಚೆಯದೆಲ್ಲ ಕಾಣುತ್ತಿತ್ತು. ನಾನು ಅದಕ್ಕೆ ಮೂರು ದಿನದ ಹಳೆಯ ನೀರು ಹಾಕಿದೆ, ಹನಿ ಎಣಿಸಿ ಔಷಧ ಹಾಕಿದೆ, ಒಂದು ದಿನವೂ ತಪ್ಪಿಸಲಿಲ್ಲ. ಅದು ನನ್ನ ಬಿರುಸು ಬೆರಳಿಗೆ ಹೆದರಲಿಲ್ಲ. ಗಾಜಿಗೆ ಬೆರಳಿಟ್ಟರೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹಾಗೆ ಪಡಸಾಲೆಯಲ್ಲಿ ಕೂತಾಗ ಒಳಗಿನಿಂದ ಮಗ್ಗದ ಸದ್ದು, ಅದರ ನಡುವೆ ರಾಟಿಯ ಸದ್ದು ಬರುತ್ತಿತ್ತು. ಶಾಂತಾಳಿಗೆ ಇನ್ನೂ ಕೈ ಕೂತಿರಲಿಲ್ಲ. ಅವಳ ನೂಲು ಗಳಿಗೆಗೊಮ್ಮೆ ಹರಿಯುತ್ತಿತ್ತು. ರಾಟಿ ನಿಲ್ಲುತ್ತಿತ್ತು, ಆಮೇಲೆ ಮಗ್ಗವೂ ನಿಲ್ಲುತ್ತಿತ್ತು. ಅಪ್ಪ ಕುಣಿಯಿಂದ ಎದ್ದು ಬಂದು, ಅವಳ ಪಕ್ಕ ಕೂತು, ಎಳೆಗೆ ಎಳೆ ಜೋಡಿಸಿ ಕೊಡುತ್ತಿದ್ದ, ಬೈಯದೆ. ಹೊಸೆಯುತ್ತ ಏನೋ ಹೇಳುತ್ತಿದ್ದ; ಅಷ್ಟು ದೂರಕ್ಕೆ ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಗುರುತು ಸಿಗುತ್ತಿತ್ತು, ಮೀನಿನ ಜೊತೆ ಮಾತನಾಡಿದ ಅದೇ ದನಿ. ಐದು ವರ್ಷದಲ್ಲಿ ನಾನು ಒಂದು ಎಳೆಯನ್ನೂ ಹರಿಯಗೊಟ್ಟಿರಲಿಲ್ಲ. ಹಾಗಾಗಿ ಅಪ್ಪ ನನಗಾಗಿ ಒಮ್ಮೆಯೂ ಮಗ್ಗದಿಂದ ಎದ್ದು ಬಂದಿರಲಿಲ್ಲ.